ಶಾಲೆಗೆ ರಜೆ, ಮನೆಯಲ್ಲಿ ಮಕ್ಕಳು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡಬಲ್ಲ ಪಂಡಿತರು ಈ ವೇದಿಕೆಯಲ್ಲಿಯೇ ಇದ್ದಾರೆ. ನಾನು ಪಂಡಿತನಲ್ಲ. 1964ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಯ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಓದಿದವನು. ಶಾಲೆ ಮುಚ್ಚಿದ ದಿನಗಳಲ್ಲಿ ಮಕ್ಕಳ ಕಲಿಕೆ ಹೇಗೆ ಎಂದು ಅಧ್ಯಕ್ಷರು ಕೇಳಿದ್ದಾರೆ. ನನ್ನ ಮನೆಯಲ್ಲಿ ನಡೆದುದನ್ನೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

2020ರ ಮಾರ್ಚಿಯಲ್ಲಿ ಬಾಗಿಲು ಹಾಕಿದ ಮುಂಬಯಿಯ ಶಾಲೆಗಳು ಚಿಕ್ಕ ತರಗತಿಗಳಿಗೆ ಮತ್ತೆ ತೆರೆದದ್ದು 2021ರ ಡಿಸೆಂಬರಿನಲ್ಲಿ. ನನ್ನ ಮೊಮ್ಮಗಳಿಗೆ ಆಗ ಎಂಟು ವರ್ಷ, ಇಂಗ್ಲಿಷ್ ಶಾಲೆ. ಮೊಬೈಲಿನ ಪಾಠ ಹನ್ನೊಂದಕ್ಕೆ ಮುಗಿದರೆ, ಎರಡು ಕೋಣೆಯ ಮನೆಯಲ್ಲಿ ಆ ಮಗು ಪಂಜರದ ಗಿಳಿ. ಕನ್ನಡ ಮಾತು ಬರುತ್ತಿತ್ತು. ಅಕ್ಷರ ಒಂದೂ ಬಾರದು. ತಪ್ಪು ಮಗುವಿನದಲ್ಲ. "ಮೂರು ಭಾಷೆಯ ಹೊರೆಯೇ ಸಾಕು, ನಾಲ್ಕನೆಯದು ಏಕೆ?" ಎಂದು ಸೊಸೆಗೆ ಹೇಳಿದವನು ನಾನೇ, ರಾತ್ರಿ ಶಾಲೆಯ ಅನ್ನ ಉಂಡ ನಾನೇ.

ಮೊದಲ ವಾರ ಮಾಸ್ತರನಾಗಿ ಕುಳಿತು ಅ ಆ ಇ ಈ ತಿದ್ದಿಸಹೊರಟೆ. ಮೂರನೆಯ ದಿನಕ್ಕೆ ಮಗು ಅಳುವುದೂ ನಾನು ಗದರುವುದೂ ಆರಂಭವಾಯಿತು. ದಾರಿ ತೋರಿಸಿದವಳು ನನ್ನ ಹೆಂಡತಿ. ಅಡಿಗೆಮನೆಯ ಡಬ್ಬಿಗಳಿಗೆಲ್ಲ ಕನ್ನಡದಲ್ಲಿ ಚೀಟಿ ಬರೆದು ಅಂಟಿಸುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿದಳು. ಅಕ್ಕಿ, ಉದ್ದು, ಬೆಲ್ಲ, ಉಪ್ಪು. ನೋಡಿರಿ, ಒತ್ತಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಉಂಟೇ? ಚೀಟಿ ತಪ್ಪಾದರೆ ಆ ಡಬ್ಬಿಯನ್ನು ಅಜ್ಜಿ ತೆರೆಯಳು. ಹುಡುಗಿ 'ಉಪು' ಎಂದು ಬರೆದ ದಿನ ಮಧ್ಯಾಹ್ನದ ಸಾರು ಎಲ್ಲರಿಗೂ ಸಪ್ಪೆ. (ಮಗನಿಗೆ ಸಿಟ್ಟು ಬಂದಿತು, ಅದು ಬೇರೆ ಮಾತು.)

ಸಂಜೆಯ ಹೊತ್ತಿಗೆ ಚೆನ್ನೆಮಣೆ. ನಮ್ಮ ಕರಾವಳಿಯಲ್ಲಿ ಆಷಾಢದ ಮಳೆಗೆ ಹೊರಬೀಳಲಾಗದವರು ಆಡುತ್ತಿದ್ದ ಆಟ. ಬೇರೆ ಕಡೆಯವರು ಅಳಗುಳಿಮಣೆ ಎನ್ನುತ್ತಾರೆ. ಮಣೆ ಎಲ್ಲಿಂದ ಬರಬೇಕು? ರಟ್ಟಿನ ಮೇಲೆ ಏಳೇಳರ ಎರಡು ಸಾಲು ವೃತ್ತ ಎಳೆದು, ಒಂದೊಂದಕ್ಕೆ ನಾಲ್ಕರಂತೆ 56 ಹುಣಿಸೆಬೀಜ ಇಟ್ಟಳು. ಬೀಜ ಎಲ್ಲಿ ಮುಗಿದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕದವನು ಇದರಲ್ಲಿ ಸೋಲುತ್ತಾನೆ. ನಾನು ದಿನವೂ ಸೋತೆ. ಪುಸ್ತಕಗಳೂ ನಮ್ಮಲ್ಲಿ ಇಲ್ಲದಿಲ್ಲ. ಕೋಟದ ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟಿದ್ದಾರೆ. ಆದರೆ ಪುಸ್ತಕ ಕೈಸೇರುವ ತನಕ ಕಾಯಬೇಕಾಗಿಲ್ಲ.

ಮಳೆಗಾಲದಲ್ಲಿ, ಅಂಚೆ ಸರಿಹೋದ ಮೇಲೆ, ಅವಳು ಊರಿನಲ್ಲಿದ್ದ ನನ್ನ ಅಕ್ಕನಿಗೆ ನಾಲ್ಕು ಸಾಲಿನ ಕಾಗದ ಬರೆದಳು. ಉತ್ತರ ಬಂದಿತು. ಗಟ್ಟಿಯಾಗಿ ಓದುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. "ಅಜ್ಜಾ, ದೊಡ್ಡಜ್ಜಿ 'ಉಪಿನಕಾಯಿ' ಅಂತ ಬರೆದಿದ್ದಾರೆ, ಒತ್ತೇ ಇಲ್ಲ!"

ನಾನು ನಗಲಾರದೆ ಹೋದೆ. ತಾಯಿ ಗದ್ದೆಯ ಕೆಲಸಕ್ಕೆ ಹೋದಾಗ ನನ್ನನ್ನು ಎತ್ತಿಕೊಳ್ಳುವುದಕ್ಕೆಂದು ಎರಡನೆಯ ತರಗತಿಗೇ ಶಾಲೆ ಬಿಟ್ಟವಳು ಆ ಅಕ್ಕ. ಅವಳಿಗೆ ಮುಚ್ಚಿದ ಶಾಲೆ ಮತ್ತೆ ತೆರೆಯಲೇ ಇಲ್ಲ. ಇದನ್ನು ಹೇಳಿದೆ. ಹುಡುಗಿ ಸುಮ್ಮನಾದಳು. ಮುಂದಿನ ಕಾಗದದ ಕೆಳಗೆ, ಯಾರೂ ಹೇಳದೆ, ಅಕ್ಕಿ, ಉದ್ದು, ಬೆಲ್ಲ, ಉಪ್ಪು ಎಂದು ದಪ್ಪಕ್ಷರಗಳಲ್ಲಿ ಬರೆದು, "ದೊಡ್ಡಜ್ಜಿ, ಇದರ ಮೇಲೆ ತಿದ್ದಿ ಕಳಿಸಿ" ಎಂದು ಸೇರಿಸಿದ್ದಳು. ಎಪ್ಪತ್ತಮೂರು ವರ್ಷದ ಅಕ್ಕ ತಿದ್ದಿ ಕಳಿಸಿದಳು.

ಆಮೇಲೆ ಊರಿಗೆ ಹೋದಾಗ ತನ್ನ ಮರದ ಚೆನ್ನೆಮಣೆಯನ್ನೇ ಅವಳಿಗೆ ಕೊಟ್ಟಳು. ಅಕ್ಕ ಈಗಿಲ್ಲ. ಮೊಮ್ಮಗಳಿಗೆ ಟ್ಯೂಷನ್ನಿನ ಅವಸರ. ಕನ್ನಡಕ್ಕೆ ಭಾನುವಾರ ಮಾತ್ರ ಉಳಿದಿದೆ, ಅದೂ ಎಲ್ಲ ಭಾನುವಾರವಲ್ಲ. ಇದನ್ನು ಮರೆಮಾಚಿ ಏನು ಪ್ರಯೋಜನ?

ಮುಂಬಯಿಯ ಮಳೆಗೆ ಶಾಲೆಗಳು ಮುಂದೆಯೂ ಮುಚ್ಚುವವು. ಮಣೆ ನಮ್ಮ ಕಪಾಟಿನ ಮೇಲೆ ಸುಮ್ಮನೆ ಕುಳಿತಿದೆ. ಮಕ್ಕಳಿರುವವರು ಬಂದು ಒಯ್ಯಬಹುದು. ಕಾಳು 56 ಎಣಿಸಿ ಕೊಡುತ್ತೇನೆ. ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಎಣಿಸುತ್ತೇನೆ.