ಎಂಬತ್ತು ಟನ್ನಿನ ಕಲ್ಲು ಗುಡ್ಡ ಹತ್ತಿದ ಬಗೆ



ಬಲ ಎಂದೊಡನೆ ನಾವು ಕೇಳುವುದು ‘ಎಷ್ಟು’ ಎಂದು. ‘ಯಾವ ಕಡೆಗೆ’ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಮಣಿಪಾಲದಿಂದ ಕಾರ್ಕಳಕ್ಕೆ ಹೋದರೆ ಸಾಕು. 1432ರಲ್ಲಿ ವೀರಪಾಂಡ್ಯ ಭೈರರಸ ಅಲ್ಲಿನ ಬಂಡೆಗುಡ್ಡದ ಮೇಲೆ ನಿಲ್ಲಿಸಿದ ಬಾಹುಬಲಿಯ ಎತ್ತರ ಸುಮಾರು 42 ಅಡಿ, ಅಂದಾಜು ತೂಕ 80 ಟನ್. ಬೇರೆಡೆ ಕೆತ್ತಿದ ಏಕಶಿಲೆಯನ್ನು ಇಪ್ಪತ್ತು ಚಕ್ರಗಳ ಬಂಡಿಯಲ್ಲಿಟ್ಟು ಮೇಲಕ್ಕೆ ಎಳೆದರೆಂಬುದು ಪರಂಪರೆಯ ಮಾತು.

ನೆಟ್ಟಗೆ ಎತ್ತುವುದಾದರೆ 80 ಟನ್ ತೂಕಕ್ಕೆ ಸಮನಾದ ಬಲ ಬೇಕು. ಆರು ಅಡಿ ಸಾಗಿದಾಗ ಒಂದು ಅಡಿ ಏರುವ ದಾರಿಯನ್ನು ಊಹಿಸಿಕೊಳ್ಳಿ. ಭೂಮಿಯ ಸೆಳೆತ ಅಲ್ಲಿಯೂ ನೇರ ಕೆಳಕ್ಕೇ, ಚೂರೂ ಕಡಿಮೆಯಾಗದು. ಆದರೆ ಅದನ್ನು ಎರಡು ಪಾಲಾಗಿ ಬಿಡಿಸಬಹುದು. ಒಂದು ಪಾಲು ಬಂಡೆಯನ್ನು ಒತ್ತುತ್ತದೆ; ಸುಮಾರು 79 ಟನ್ನಿನ ಈ ಭಾರವನ್ನು ಬಂಡೆಯೇ ಹೊರುತ್ತದೆ. ಇನ್ನೊಂದು ಪಾಲು ಬಂಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅದು 13 ಟನ್ನಿಗೆ ತುಸು ಹೆಚ್ಚು. ಎರಡೂ ಕೂಡಿದರೆ 92 ಆಯಿತಲ್ಲ ಎನ್ನುವಿರಿ. ದಿಕ್ಕುಳ್ಳದ್ದನ್ನು ಹಾಗೆ ಕೂಡುವಂತಿಲ್ಲ. ಲಂಬಕೋನದಲ್ಲಿರುವ ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ, 80 ಮರಳಿ ಬರುತ್ತದೆ. ಪಠ್ಯಪುಸ್ತಕದ ‘ಸದಿಶ’ ಎಂದರೆ ಇದೇ.

ಚಕ್ರಗಳ ಘರ್ಷಣೆಯನ್ನು ಬದಿಗಿಟ್ಟು, ಒಬ್ಬೊಬ್ಬರು 25 ಕಿಲೋ ತೂಕದಷ್ಟು ಎಳೆದರೂ ಐನೂರಕ್ಕೂ ಹೆಚ್ಚು ಜನ ಬೇಕು. ಅಷ್ಟು ಮಂದಿ ಒಂದೇ ಸಾಲಿನಲ್ಲಿ ನಿಲ್ಲಲಾರರು, ಹಗ್ಗಗಳು ಎರಡು ಬದಿಗೆ ಹರಡಲೇಬೇಕು. ಹಗ್ಗ ದಾರಿಯಿಂದ 30 ಡಿಗ್ರಿ ಓರೆಯಾದರೆ ದುಡಿಮೆಯಲ್ಲಿ ನೂರಕ್ಕೆ 87 ಪಾಲು ದಕ್ಕುತ್ತದೆ. 60 ಡಿಗ್ರಿಯಾದರೆ ಅರ್ಧವಷ್ಟೇ. ಎರಡು ಬದಿಯೂ ಸಮನಾಗಿ ಎಳೆದರೆ ಅಡ್ಡ ಸೆಳೆತಗಳು ಒಂದನ್ನೊಂದು ಅಳಿಸುತ್ತವೆ. ಒಂದು ಬದಿ ಸೋತರೆ ಬಂಡಿ ದಾರಿ ಬಿಟ್ಟೀತು.

ಇಳಿಜಾರಿನ ಈ ನಿಯಮವನ್ನು ಗಣಿತಜ್ಞ ಸೈಮನ್ ಸ್ಟೆವಿನ್ ಪುಸ್ತಕದಲ್ಲಿ ಪ್ರಕಟಿಸಿದ್ದು 1586ರಲ್ಲಿ, ಬಾಹುಬಲಿ ನಿಂತು 154 ವರ್ಷಗಳ ಬಳಿಕ. ಕಾರ್ಕಳದ ಕೆಲಸಗಾರರ ಬಳಿ ಸೂತ್ರವಿರಲಿಲ್ಲ, ಅಂಗೈಯಲ್ಲಿ ಹಗ್ಗವಿತ್ತು. ಅವರ ಆ ತಿಳಿವಳಿಕೆಯನ್ನು ನಾನು ವಿಜ್ಞಾನದ ಹೊರಗಿಡಲಾರೆ.

ಅತಿ ಕಠಿಣವಾದದ್ದು ಶಿಖರದ ಮೇಲಿನ ಕೆಲಸ. ಮಲಗಿದ ಕಲ್ಲನ್ನು ಬುಡದ ಅಂಚಿನ ಮೇಲೆ ತಿರುಗಿಸಿ ಎಬ್ಬಿಸುವುದಾದರೆ ಮೊದಲ ಕ್ಷಣದಲ್ಲೇ ಪ್ರತಿರೋಧ ಹೆಚ್ಚು. ಏಳುತ್ತ ಹೋದಂತೆ ಅದು ಕುಗ್ಗುತ್ತದೆ. ಭಾರಕೇಂದ್ರ ಅಂಚನ್ನು ದಾಟಿದೊಡನೆ ತೂಕವೇ ಕಲ್ಲನ್ನು ಮುಂದಕ್ಕೆ ಬೀಳಿಸತೊಡಗುತ್ತದೆ. ಆಗ ಎಳೆಯುತ್ತಿದ್ದವರು ಸಡಿಲ ಬಿಡಬೇಕು, ಹಿಂಬದಿಯ ಹಗ್ಗ ಹಿಡಿದವರು ಬಿಗಿಯಬೇಕು.