ಕಾಲು ಪೇಟಿ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈಗ ಪ್ರಾರ್ಥನೆಗೆ ನುಡಿಸಿದ ಪೇಟಿ ಯಾವುದೆಂದು ಹಳಬರಿಗೆ ಗುರುತು ಸಿಕ್ಕಿರಬೇಕು. ನಮ್ಮ ಕಾಲದ ಗ್ಯಾದರಿಂಗಿನಲ್ಲಿ ನಾಟಕಕ್ಕೆ ನುಡಿಸುತ್ತಿದ್ದ ಅದೇ ಕಾಲು ಪೇಟಿ. ಲೆಗ್ ಹಾರ್ಮೋನಿಯಂ ಅಂತಲೂ ಅನ್ನುತ್ತಿದ್ದೆವು. ಸಾಮಾನಿನ ಕೋಣೆಯಲ್ಲಿ ಮುರಿದ ಬೆಂಚುಗಳ ಕೆಳಗೆ ಬಿದ್ದಿತ್ತು. "ರೀಡು ಹೋಗ್ಯಾವ, ಇದನ್ನ ಮಾರಿ ಒಂದು ಕೀಬೋರ್ಡ್ ತರೋಣು" ಎಂದು ಸಮಿತಿಯಲ್ಲಿ ಮಾತಾಗಿತ್ತು. ಪೇಟಿ ರಿಪೇರಿ ನನ್ನ ಕಸುಬು. ಒಮ್ಮೆ ಬಿಚ್ಚಿ ನೋಡುತ್ತೇನೆ ಎಂದೆ. ಅದರೊಳಗೆ ಕಂಡದ್ದನ್ನೇ ಇವತ್ತು ಹೇಳುತ್ತೇನೆ. ಭಾಷಣ ಮಾಡಿ ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಾರ್ಮೋನಿಯಂ ನಮ್ಮಲ್ಲಿ ಹುಟ್ಟಿದ್ದಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಅದಕ್ಕೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತುಳಿಯುವ ವಾದ್ಯ. ನೆಲದ ಮೇಲೆ ಕುಳಿತು ಹಾಡುವ ನಮ್ಮ ಜನಕ್ಕಾಗಿ ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಕೈಯಿಂದ ಗಾಳಿ ಹಾಕುವ ಪೇಟಿ ಮಾಡಿದರು. ಆದರೂ ನಾಟಕ ಕಂಪನಿಯವರು ಕಾಲು ಪೇಟಿಯನ್ನು ಬಿಡಲಿಲ್ಲ. ಗಾಳಿಯ ಕೆಲಸ ಕಾಲು ಮಾಡಿದರೆ ಎರಡೂ ಕೈ ಸ್ವರದ ಮೇಲೆ ಓಡಾಡಬಹುದು. ಮೈಕು ಇಲ್ಲದ ದಿನಗಳಲ್ಲಿ ಹಿಂದಿನ ಸಾಲಿನವರೆಗೂ ದನಿ ಮುಟ್ಟಬೇಕಿತ್ತು. ಗದಗಿನ ಗರುಡ ಸದಾಶಿವರಾಯರು, ಬೆಳಗಾವಿ ಕಡೆಯ ಏಣಗಿ ಬಾಳಪ್ಪನವರು ಇಂಥವರ ಕಂಪನಿಗಳು ನಮ್ಮ ಸೀಮೆಯ ಕಿವಿಗೆ ರಂಗಗೀತೆಯ ರುಚಿ ಹಚ್ಚಿದವು. ನಮ್ಮ ನೆರೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿಸಿದರು. ಪೇಟಿಯ ದನಿ ನಮ್ಮ ಭಾಗಕ್ಕೆ ಹೊಸದಲ್ಲ ಎನ್ನಲು ಇಷ್ಟು ಸಾಕು.

ಮಕ್ಕಳೆ, ಪೇಟಿಯ ಒಳಗಿನ ವ್ಯವಸ್ಥೆ ಸರಳ. ಕೆಳಗೆ ಎರಡು ಪೆಡಲ್. ಒಂದಾದ ಮೇಲೆ ಒಂದು ತುಳಿದರೆ ಒಂದೊಂದಕ್ಕೂ ಕಟ್ಟಿದ ಪಟ್ಟಿ ಎಳೆದು ಒಳಗಿನ ಚಿಕ್ಕ ತಿದಿ ಆಡುತ್ತದೆ. ಕಮ್ಮಾರನ ತಿದಿ ನೋಡಿದ್ದೀರಲ್ಲ, ಅದೇ ಜಾತಿ. ಆ ಗಾಳಿ ದೊಡ್ಡ ತಿದಿಯಲ್ಲಿ ತುಂಬುತ್ತದೆ. ತೊಗಲಿನ ಕವಾಟ ಅದನ್ನು ಹಿಂದಕ್ಕೆ ಹೋಗಗೊಡುವುದಿಲ್ಲ. ಮೇಲೆ ಮನೆ ಒತ್ತಿದಾಗ ಗಾಳಿ ಹಿತ್ತಾಳೆಯ ರೀಡಿನ ನಾಲಗೆಯನ್ನು ಅಲುಗಿಸಿ ಸ್ವರ ಹುಟ್ಟಿಸುತ್ತದೆ.

ಪಟ್ಟಿ ಸಡಿಲಾದರೆ ಪೆಡಲ್ ನೆಲ ಮುಟ್ಟಿದರೂ ತಿದಿ ಅರ್ಧವೇ ಆಡುತ್ತದೆ. ಬಹಳ ಬಿಗಿಯಾದರೆ ತಿದಿ ಪೂರ್ತಿ ವಾಪಸಾಗುವುದಿಲ್ಲ. ಎಡ ಬಲ ಸಮ ಇರದಿದ್ದರೆ ದನಿ ಕುಂಟುತ್ತದೆ. ಗಾಳಿ ಏರಿಳಿದರೆ ಸ್ವರವೂ ಒಂದಿಷ್ಟು ಕದಲುತ್ತದೆ. ಕೇಳುವವರು ಮಾತ್ರ "ರೀಡು ಕೆಟ್ಟದ" ಅನ್ನುತ್ತಾರೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹತ್ತನೇ ಇಯತ್ತೆ ಮುಗಿಸಿದ ವರ್ಷ. ಜಾತ್ರೆಗೆ ಒಂದು ನಾಟಕ ಕಂಪನಿ ಬಂದಿತ್ತು. ಪೇಟಿ ಮಾಸ್ತರರ ಹಿಂದೆ ಮುಂದೆ ತಿರುಗಿ ಸ್ವಲ್ಪ ಕೆಲಸ ಕಲಿತಿದ್ದೆ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಒಂದು ಸ್ವರ ಇಳಿದಂತೆ ಕೇಳಿಸಿತು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ ಎಂಬುದು ಗೊತ್ತಿತ್ತು. ಜಾಣತನ ತೋರಿಸಲು ತುದಿ ಕೆರೆದೆ. ಸಾಲದೆಂದು ಮತ್ತೆ ಕೆರೆದೆ. ಮಾಸ್ತರು ಬಂದು ತುಳಿದು ನೋಡಿ ಮೊದಲು ಎಡಗಡೆಯ ಪಟ್ಟಿ ಬಿಗಿ ಮಾಡಿದರು. ಗಾಳಿ ಸರಿಯಾಯಿತು. ಉಳಿದ ಸ್ವರಗಳೆಲ್ಲ ನೆಟ್ಟಗಾದವು, ನಾನು ಕೆರೆದದ್ದು ಮಾತ್ರ ಏರಿ ಚೀರತೊಡಗಿತು. ಅವತ್ತು ರಾತ್ರಿ ನಾಯಕನ ಪಾತ್ರದವರು ತಮ್ಮ ರೂಢಿಯ ಪಟ್ಟಿಯಲ್ಲಿ ಹಾಡಲಾಗಲಿಲ್ಲ. ಆ ಸ್ವರ ಬಾರದ ಹಾಗೆ ಮಾಸ್ತರು ಬೇರೆ ಮನೆಯಿಂದ ಹಿಡಿದು ನುಡಿಸಿದರು. ಜನಕ್ಕೆ ಗೊತ್ತಾಗಲಿಲ್ಲ. ನಾನು ಪರದೆಯ ಹಿಂದೆ ನಿಂತು ಬೆವರಿದೆ.

ಮರುದಿನ ಅವರು ಬೈಯಲಿಲ್ಲ. "ತಮ್ಮಾ, ಪೇಟಿ ಕೆಟ್ಟಾಗ ಮೊದ್ಲ ಕಾಲ ನೋಡು, ಆಮ್ಯಾಲೆ ಗಾಳಿ ನೋಡು, ಕಡೀಕ ರೀಡಿಗೆ ಕೈ ಹಚ್ಚು. ಪಟ್ಟಿ ಬಿಗಿ ಆದ್ರ ಸಡ್ಲ ಮಾಡಬೌದು. ಕೆರದ ಹಿತ್ತಾಳಿ ತಿರುಗಿ ಬರಂಗಿಲ್ಲ" ಅಂದರು. ಇಷ್ಟು ವರ್ಷ ನಾನು ಅನ್ನ ಉಂಡದ್ದು ಆ ಮಾತಿನ ಮೇಲೆ.

ನಮ್ಮ ಶಾಲೆಯ ಪೇಟಿಯನ್ನೂ ಹಾಗೇ ನೋಡಿದೆ. ಪಟ್ಟಿ ಲಡ್ಡಾಗಿದ್ದವು, ಹೊಸದು ಹಾಕಿ ಎರಡೂ ಕಡೆ ಅಳತೆ ಸಮ ಮಾಡಿದೆ. ತಿದಿ ತುಂಬಿಸಿ ಕಾಲು ತೆಗೆದರೆ ಕ್ಷಣದಲ್ಲಿ ಕುಸಿಯುತ್ತಿತ್ತು. ಊದುಬತ್ತಿ ಹಚ್ಚಿ ಮಡಿಕೆಗಳ ಹತ್ತಿರ ಹಿಡಿದೆ. ಹೊಗೆ ಚದುರಿದಲ್ಲಿ ತೂತು, ಅಲ್ಲಿ ತೊಗಲು ಅಂಟಿಸಿದೆ. ಬಿರುಸಾಗಿ ಸುರುಳಿಕೊಂಡ ಕವಾಟಗಳನ್ನು ಬದಲಿಸಿದೆ. ಮಳೆಗಾಲದ ಥಂಡಿಗೆ ಉಬ್ಬಿ ಸಿಕ್ಕಿಕೊಂಡ ಮನೆಗಳನ್ನು ಉಜ್ಜಲಿಲ್ಲ, ನೆರಳಿನಲ್ಲಿ ಒಣಗಿಸಿದೆ, ತಾವೇ ಬಿಟ್ಟುಕೊಂಡವು. ಮೂಕಾಗಿದ್ದ ರೀಡುಗಳ ನಾಲಗೆಯ ಕೆಳಗೆ ತೆಳು ಕಾಗದ ಆಡಿಸಿದೆ, ಧೂಳು ಹೊರಬಂತು. ಕೊನೆಗೆ ಕೆರೆಯಬೇಕಾದದ್ದು ಎರಡೇ ರೀಡು. ಹೋಗ್ಯಾವ ಎಂದು ನಾವು ಅಂದುಕೊಂಡಿದ್ದ ಉಳಿದವೆಲ್ಲ ಚಲೋ ಇದ್ದವು.

ಈ ಕೆಲಸ ಮಾಡುವಾಗ ನನಗೆ ನೆನಪಾದವರು ನಮ್ಮ ಗಣಿತದ ಮಾಸ್ತರು. ಒಂಬತ್ತನೇ ಇಯತ್ತೆಯಲ್ಲಿ ನಾನು ಗಣಿತದಲ್ಲಿ ಎರಡು ಸಲ ನಪಾಸು. ದಡ್ಡ ಎಂದು ಎಲ್ಲರೂ ಅಂದರು, ನಾನೂ ನಂಬಿದೆ. ಅವರು ಮಾತ್ರ ಹಾಜರಿ ಪುಸ್ತಕ ತೆಗೆದು ನೋಡಿದರು. ಹಳ್ಳಿಯಿಂದ ನಡೆದು ಬರುವ ನನಗೆ ಮೊದಲ ಪೀರಿಯಡ್ ತಪ್ಪುತ್ತಿತ್ತು, ಗಣಿತ ಇದ್ದದ್ದು ಆಗಲೇ. ಸಂಜೆ ಅರ್ಧ ತಾಸು ಕೂಡಿಸಿಕೊಂಡು ಕಲಿಸಿದರು. ನಾನು ಪಾಸಾದೆ. ಅವರಿಗೆ ಪೇಟಿಯ ವಿಷಯ ಗೊತ್ತಿರಲಿಲ್ಲ. ಆದರೆ ಮೊದಲು ಕಾಲು ನೋಡಿದವರು ಅವರೇ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಹಿಂದೆ ಬಿದ್ದ ಮಗುವಿಗೆ ದಡ್ಡ ಅನ್ನುವ ಮೊದಲು ಅದು ಎಷ್ಟು ದೂರದಿಂದ ಬರುತ್ತದೆ, ಉಂಡಿದೆಯೋ ಇಲ್ಲವೋ, ಹಲಗೆ ಕಾಣುತ್ತದೆಯೋ ಇಲ್ಲವೋ ನೋಡಿ. ಆ ಒಂದು ಮಾತು ಮನಸ್ಸನ್ನು ಕೆರೆದರೆ ತಿರುಗಿ ತುಂಬುವುದು ಕಷ್ಟ.

ಸಮಿತಿಯವರಿಗೂ ಒಂದು ಮಾತು. ಈ ಪೇಟಿಯನ್ನು ಗಾಜಿನ ಕಪಾಟಿನಲ್ಲಿ ಇಡಬೇಡಿ. ತುಳಿಯದ ತಿದಿಯ ತೊಗಲು ಬಿರುಸಾಗುತ್ತದೆ. ದಿನಾ ಪ್ರಾರ್ಥನೆಗೆ ನುಡಿಯಲಿ. ಪ್ರತಿ ತಿಂಗಳ ಮೊದಲ ಶನಿವಾರ ನಾನು ಬರುತ್ತೇನೆ. ಕಲಿಯಬೇಕೆಂಬ ಮಕ್ಕಳು ಕೂಡ್ರಲಿ, ನುಡಿಸುವುದನ್ನೂ ರಿಪೇರಿಯನ್ನೂ ಹೇಳಿಕೊಡುತ್ತೇನೆ. ಫೀ ಇಲ್ಲ. ಆದರೆ ಮೊದಲ ದಿನ ಯಾರಿಗೂ ರೀಡು ಮುಟ್ಟಗೊಡುವುದಿಲ್ಲ, ಪೆಡಲ್ ತುಳಿಯುವುದಷ್ಟೇ.