ಕಲ್ಲಿಗೆ ಅಂಟಿದ ಜೀವಿಗಳನ್ನು ಎಣಿಸುವುದು

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನನ್ನ ಸಂಶೋಧನೆಯ ಬಗ್ಗೆ ಮಾತಾಡು ಎಂದಿದ್ದೀರಿ. ನಾನು ಮಾಡುವ ಕೆಲಸ ಒಂದೇ ಮಾತಿನದು: ಕಲ್ಲಿನ ಪುಡಿಗೆ ಎಷ್ಟು ಬ್ಯಾಕ್ಟೀರಿಯಾ ಅಂಟಿಕೊಂಡಿವೆ ಎಂದು ಎಣಿಸುವುದು. ಇದನ್ನು ಕೇಳಿ ನಮ್ಮ ತಾಯಿ, 'ಇದಕ್ಕೂ ಸಂಬಳ ಕೊಡುತ್ತಾರೇನೋ?' ಎಂದಿದ್ದರು. ಏಕೆ ಕೊಡುತ್ತಾರೆ ಎಂಬುದನ್ನು ಮೊದಲು ಹೇಳುತ್ತೇನೆ.

ಪೈರೈಟ್ ಎಂಬ ಖನಿಜ ನೋಡಲು ಚಿನ್ನದಂತೆ ಹೊಳೆಯುತ್ತದೆ. ಆದರೆ ಅದು ಕಬ್ಬಿಣ ಮತ್ತು ಗಂಧಕ ಸೇರಿದ ಸಲ್ಫೈಡ್. ಕೆಲವು ಅದಿರುಗಳಲ್ಲಿ ನಿಜವಾದ ಚಿನ್ನದ ಅತಿಸಣ್ಣ ಕಣಗಳು ಇಂಥ ಸಲ್ಫೈಡ್ ಖನಿಜದ ಒಳಗೆ ಸಿಕ್ಕಿಕೊಂಡಿರುತ್ತವೆ. ಚಿನ್ನ ಕರಗಿಸುವ ಸಯನೈಡ್ ದ್ರಾವಣ ಅಲ್ಲಿಗೆ ತಲುಪುವುದಿಲ್ಲ. ಮೊದಲು ಸಲ್ಫೈಡಿನ ಗೋಡೆ ಒಡೆಯಬೇಕು. ಆ ಕೆಲಸವನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುವುದೇ ಬಯೋಲೀಚಿಂಗ್. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಚಿನ್ನದ ಅದಿರಿಗೆ ಈ ವಿಧಾನ ಬಳಕೆಗೆ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಎ. ನಟರಾಜನ್ ಅವರು ಇದೇ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಈ ಕೆಲಸದ ಮುಖ್ಯ ಜೀವಿಗಳಲ್ಲಿ ಒಂದು ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. ಸಾವಿರ ಜೀವಿಗಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸಿದರೂ 1–2 ಮಿಲಿಮೀಟರ್ ಆದೀತು, ಅಷ್ಟೆ. ಅದಕ್ಕೆ ಅನ್ನ ಬೇಡ, ಸಕ್ಕರೆ ಬೇಡ. ನಿಂಬೆರಸದಷ್ಟು ಹುಳಿಯಾದ ನೀರಿನಲ್ಲಿ, ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡಿ ಅದರಿಂದ ಬರುವ ಶಕ್ತಿಯಲ್ಲಿ ಬದುಕುತ್ತದೆ. ಆ ಫೆರಿಕ್ ಕಬ್ಬಿಣ ಪೈರೈಟನ್ನು ಕೊರೆದು ಮತ್ತೆ ಫೆರಸ್ ಆಗುತ್ತದೆ. ಚಕ್ರ ಹೀಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ತನ್ನ ಸುತ್ತ ಲೋಳೆಯಂಥ ಪದಾರ್ಥವನ್ನು ಸ್ರವಿಸಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಆ ಲೋಳೆಯಲ್ಲೂ ಫೆರಿಕ್ ಕಬ್ಬಿಣ ಇರುವುದರಿಂದ, ಅಂಟಿದ ಜಾಗದಲ್ಲೇ ಕೊರೆತ ನಡೆಯುತ್ತದೆ. ಅದಕ್ಕೇ ಎಷ್ಟು ಜೀವಿಗಳು ಅಂಟಿವೆ, ಎಷ್ಟು ನೀರಿನಲ್ಲಿ ತೇಲುತ್ತಿವೆ ಎಂಬುದು ಮುಖ್ಯ.

ಎಣಿಸುವುದು ಹೇಗೆ? ಸುಲಭದ ದಾರಿ ಕಳೆಯುವ ಲೆಕ್ಕ. ರಕ್ತಕಣ ಎಣಿಸಲು ಬಳಸುವಂಥ, ಸಣ್ಣ ಚೌಕಗಳ ಗೀಟು ಹಾಕಿದ ಗಾಜಿನ ಪಟ್ಟಿಯ ಮೇಲೆ ದ್ರಾವಣದ ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ. ಉದಾಹರಣೆಗೆ, ಒಂದು ಮಿಲಿಲೀಟರಿನಲ್ಲಿ ಮೊದಲು 10 ಕೋಟಿ ಇದ್ದವು. ಪೈರೈಟ್ ಪುಡಿ ಹಾಕಿ ಒಂದು ಗಂಟೆ ಕಲಕಿದ ಮೇಲೆ ನೀರಿನಲ್ಲಿ 3 ಕೋಟಿ ಉಳಿದವು. ಹಾಗಾದರೆ 7 ಕೋಟಿ ಕಲ್ಲಿಗೆ ಅಂಟಿವೆ!

ಮೂರು ತಿಂಗಳು ನಾನು ಹೀಗೆಯೇ ಲೆಕ್ಕ ಹಾಕಿದೆ. ಅಂದವಾದ ನಕ್ಷೆ ಬರೆದೆ, ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: 'ಕಲ್ಲು ಹಾಕದ ಫ್ಲಾಸ್ಕಿನಲ್ಲಿ ಎಷ್ಟು ಉಳಿದವು?' ನನ್ನ ಬಳಿ ಅಂಥ ಫ್ಲಾಸ್ಕೇ ಇರಲಿಲ್ಲ.

ವಿದ್ಯಾರ್ಥಿಗಳೇ, ಆಟದ ಮೈದಾನದಲ್ಲಿ ಇಲ್ಲದ ಹುಡುಗರೆಲ್ಲ ತರಗತಿಯಲ್ಲಿದ್ದಾರೆ ಎಂದು ಹಾಜರಿ ಹಾಕಿದರೆ ಏನಾಗುತ್ತದೆ? ಕಾಂಪೌಂಡು ಹಾರಿದವರ ಲೆಕ್ಕ ಯಾರು ಕೊಡಬೇಕು? (ನಗು) ಬ್ಯಾಕ್ಟೀರಿಯಾಗಳದ್ದೂ ಅದೇ ಕಥೆ. ಕೆಲವು ಗಾಜಿಗೆ ಅಂಟುತ್ತವೆ, ಕೆಲವು ಸಾಯುತ್ತವೆ, ಕೆಲವು ಗುಂಪುಗೂಡಿ ತಳ ಸೇರುತ್ತವೆ. ಕಲ್ಲಿಲ್ಲದ ಫ್ಲಾಸ್ಕಿನಲ್ಲೂ 10 ಕೋಟಿ 8 ಕೋಟಿಗೆ ಇಳಿದಿದ್ದರೆ, ಕಲ್ಲಿಗೆ ಅಂಟಿದ್ದು 7 ಅಲ್ಲ, ಸುಮಾರು 5 ಕೋಟಿ. ಜೊತೆಗೆ ಕಲ್ಲಿನ ನುಣ್ಣನೆಯ ದೂಳು ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದಂತೆಯೇ ಕಂಡು ಮೋಸ ಮಾಡುತ್ತದೆ.

ಮೂರು ತಿಂಗಳ ಲೆಕ್ಕವನ್ನು ನಾನೇ ಗೀಟು ಹಾಕಿ ಹೊಡೆದೆ. ಆ ರಾತ್ರಿ ನೆನಪಾದದ್ದು ಇದೇ ಶಾಲೆಯ ಎಂಟನೇ ತರಗತಿ. ನಮ್ಮ ವಿಜ್ಞಾನದ ಮೇಷ್ಟ್ರು ಅವರೆಕಾಳು ಮೊಳಕೆ ಬರಿಸುವ ಪ್ರಯೋಗದಲ್ಲಿ, ನೀರು ಹಾಕದ ಕುಂಡವನ್ನೂ ಪಕ್ಕದಲ್ಲಿ ಇಡಿಸಿದ್ದರು. 'ಏನೂ ಆಗದ ಕುಂಡ ಯಾಕೆ ಸಾರ್?' ಎಂದು ಕೇಳಿ ನಕ್ಕವನು ನಾನೇ.

ಮತ್ತೆ ಶುರು ಮಾಡಿದೆ. ಪ್ರತಿ ಸಲ ಕಲ್ಲಿಲ್ಲದ ಫ್ಲಾಸ್ಕ್ ಇಟ್ಟೆ. ಪುಡಿ ನುಣ್ಣಗಾದಷ್ಟೂ ಅಂಟಲು ಜಾಗ ಹೆಚ್ಚುವುದರಿಂದ, ಗ್ರಾಂ ಲೆಕ್ಕ ಬಿಟ್ಟು ಮೇಲ್ಮೈ ವಿಸ್ತೀರ್ಣದ ಲೆಕ್ಕ ಹಿಡಿದೆ. ಕೊನೆಗೆ ಕಲ್ಲಿನ ಕಣಗಳನ್ನು ಮೆಲ್ಲಗೆ ತೊಳೆದು, ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ನೇರಳಾತೀತ ಬೆಳಕಿನಲ್ಲಿ ನೇರವಾಗಿ ನೋಡಿದೆ. ಕಪ್ಪು ಕಲ್ಲಿನ ಮೇಲೆ ನೀಲಿ ಚುಕ್ಕೆಗಳು, ಅಮಾವಾಸ್ಯೆಯ ರಾತ್ರಿ ನಕ್ಷತ್ರ ಕಂಡ ಹಾಗೆ! ಬಿರುಕು, ಗೀರುಗಳ ಬಳಿ ಅವು ಹೆಚ್ಚು ಗುಂಪಾಗಿದ್ದವು. ಸರಾಸರಿ ಸಂಖ್ಯೆ ಮಾತ್ರ ನೋಡುತ್ತಿದ್ದ ನನಗೆ ಅದು ತಿಳಿಯುವಂತೆಯೇ ಇರಲಿಲ್ಲ.

ಈ ಎಣಿಕೆಗೆ ಇನ್ನೊಂದು ಮುಖವೂ ಇದೆ. ಗಣಿ ಮುಚ್ಚಿದ ಮೇಲೆ ಉಳಿದ ಸಲ್ಫೈಡ್ ಕಲ್ಲಿನ ರಾಶಿಯಲ್ಲೂ ಇಂಥ ಜೀವಿಗಳು ಕೆಲಸ ಮಾಡಿ, ಆಮ್ಲ ತುಂಬಿದ ಕೆಂಪು ನೀರನ್ನು ಹಳ್ಳಕ್ಕೆ ಬಿಡುತ್ತವೆ. ಕಾರ್ಖಾನೆಯಲ್ಲಿ ಅಂಟಲಿ ಎನ್ನುತ್ತೇವೆ, ಇಲ್ಲಿ ಅಂಟದಿರಲಿ ಎನ್ನುತ್ತೇವೆ. ಎರಡಕ್ಕೂ ಸರಿಯಾದ ಲೆಕ್ಕ ಬೇಕು. ತಪ್ಪು ಲೆಕ್ಕ ನಂಬಿದರೆ ಕೆಳಗಿನ ಊರಿನ ಬಾವಿಗೆ ತೊಂದರೆ.

ಐವತ್ತು ವರ್ಷಗಳಿಂದ ಈ ಶಾಲೆ ಊರಿನ ಮಕ್ಕಳಿಗೆ ಅಕ್ಷರ ಕೊಟ್ಟಿದೆ. ನನಗೆ ನೀರು ಹಾಕದ ಆ ಕುಂಡವನ್ನೂ ಕೊಟ್ಟಿದೆ. ಅದರ ಬೆಲೆ ತಿಳಿಯಲು ನನಗೆ ಹದಿನೈದು ವರ್ಷ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ.